ಪರರ ಪ್ರೋಗ್ರಾಂ, ನಮ್ಮ ಯಂತ್ರ

ನಮ್ಮ ಅಡುಗೆಮನೆಯನ್ನು ಅಪರಿಚಿತ ಅಡುಗೆಯವನೊಬ್ಬನಿಗೆ ಒಪ್ಪಿಸಿದೆವೆನ್ನಿ. ನಡತೆ ಸರಿಬೀಳದೆ ಅವನನ್ನು ನಡುವೆಯೇ ಹೊರಗಟ್ಟಿದರೆ ಒಲೆಯ ಮೇಲೆ ಕಾದ ಎಣ್ಣೆ, ಅರೆಬೆಂದ ಅನ್ನ, ಉಪ್ಪು ಬಿದ್ದಿದೆಯೋ ಇಲ್ಲವೋ ತಿಳಿಯದ ಸಾರು ನಮ್ಮ ಪಾಲಿಗೆ ಉಳಿಯುತ್ತವೆ. ಇಂದು ನಮ್ಮ ಮನೆಗಳ ಫೋನುಗಳೂ ದಿನವೂ ಅಪರಿಚಿತರ ಪ್ರೋಗ್ರಾಂಗಳನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಯಾವುದೇ ಪ್ರೋಗ್ರಾಂ ತಾನಾಗಿ ನಿಲ್ಲುವುದೇ ಎಂಬುದನ್ನು ಮುಂಚಿತವಾಗಿ ಹೇಳಬಲ್ಲ ಸರ್ವಸಾಮಾನ್ಯ ವಿಧಾನವಿಲ್ಲವೆಂದು ಆಲನ್ ಟ್ಯೂರಿಂಗ್ 1936ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಆದುದರಿಂದ ಹೊರಗಿನಿಂದ ತಡೆಯುವ ಉಪಾಯ ಬೇಕೇ ಬೇಕು.

1995ರಲ್ಲಿ ಪ್ರಕಟವಾದ ಜಾವಾ ಭಾಷೆಯಲ್ಲಿ ಇದಕ್ಕಾಗಿ 'ಸ್ಟಾಪ್' ಎಂಬ ಆಜ್ಞೆಯಿತ್ತು. ಆಜ್ಞೆ ಬಂದೊಡನೆ ಕೆಲಸ ನಡುವೆಯೇ ಕಡಿದುಹೋಗುತ್ತಿತ್ತು. ಅದು ಹಾಕಿಕೊಂಡಿದ್ದ ಬೀಗಗಳೂ ಬಿಚ್ಚಿಕೊಳ್ಳುತ್ತಿದ್ದವು. ರಾಮನ ಖಾತೆಯಿಂದ ನೂರು ರೂಪಾಯಿ ಕಳೆದು ಭೀಮನ ಖಾತೆಗೆ ಕೂಡಿಸುವ ಮೊದಲೇ ಹೀಗಾಯಿತೆನ್ನಿ: ಬೀಗ ತೆರೆದಿದೆ, ನೂರು ರೂಪಾಯಿ ಎಲ್ಲಿಯೂ ಇಲ್ಲ, ಮುಂದೆ ಬಂದವರು ಆ ತಪ್ಪು ಲೆಕ್ಕವನ್ನೇ ನಂಬುತ್ತಾರೆ. ಬೀಗ ಬಿಚ್ಚದಿದ್ದರೋ, ಉಳಿದವರು ಬಾಗಿಲಲ್ಲಿ ಎಂದೆಂದಿಗೂ ಕಾಯಬೇಕು. 1998ರಲ್ಲಿ ಇದನ್ನು ಬಳಸಬೇಡಿರೆಂದು ನಿರ್ಮಾಪಕರೇ ಸಾರಿದರು. 2023ರಲ್ಲಿ ಆಜ್ಞೆಯ ಶಕ್ತಿಯನ್ನೇ ತೆಗೆದುಹಾಕಲಾಯಿತು. ಅದಕ್ಕೆ ಬದಲಾಗಿ 'ದಯವಿಟ್ಟು ನಿಲ್ಲು' ಎಂಬಂಥ ಸೂಚನೆಯುಂಟು. ಕೇಳಿಸಿಕೊಳ್ಳುವವನು ಸಜ್ಜನನಾಗಿದ್ದರೆ ಸರಿ!

ಸ್ವೀಡನ್ನಿನ ಎರಿಕ್ಸನ್ ಕಂಪೆನಿಯಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು 1986ರಿಂದ ಟೆಲಿಫೋನ್ ಎಕ್ಸ್‌ಚೇಂಜುಗಳಿಗಾಗಿ ರೂಪಿಸಿದ ಎರ್ಲಾಂಗ್ ಭಾಷೆಯ ದಾರಿ ನಮಗೆ ಹೆಚ್ಚು ಮೆಚ್ಚುಗೆಯಾಗಿದೆ. ಅಲ್ಲಿ ಪ್ರತಿಯೊಂದು ಕೆಲಸಕ್ಕೂ ತನ್ನದೇ ಒಲೆ, ತನ್ನದೇ ಪಾತ್ರೆ. ಪರಸ್ಪರ ಸಂಬಂಧವೆಲ್ಲ ಚೀಟಿಯ ಮೂಲಕ. ಕೆಲಸವನ್ನು ಎಣಿಸುತ್ತಿದ್ದು, ಪಾಲು ಮುಗಿದೊಡನೆ ಸರದಿಯನ್ನು ಬೇರೊಂದಕ್ಕೆ ಕೊಡಲಾಗುತ್ತದೆ. ಒಂದು ಕೆಟ್ಟು ಸತ್ತರೆ ಮೇಲ್ವಿಚಾರಕನು ಮತ್ತೊಂದನ್ನು ಮೊದಲಿನಿಂದ ಆರಂಭಿಸುತ್ತಾನೆ. ಮೇಲಿಂದ ಮೇಲೆ ಸಾಯುತ್ತಿದ್ದರೆ ಅವನೂ ಕೈಚೆಲ್ಲಿ, ತನ್ನ ಮೇಲಿನವನಿಗೆ ಒಪ್ಪಿಸುತ್ತಾನೆ. ಆದರೆ ಈ ಗೋಡೆಯನ್ನು ಕಟ್ಟಿದ್ದು ತಪ್ಪು ಮಾಡುವವನಿಗಾಗಿ, ಕಳ್ಳನಿಗಾಗಿ ಅಲ್ಲ.

ಕಳ್ಳನನ್ನೂ ಗಮನದಲ್ಲಿರಿಸಿಕೊಂಡು ರಚಿತವಾದದ್ದು 2017ರಲ್ಲಿ ಪ್ರಮುಖ ಬ್ರೌಸರುಗಳನ್ನು ಸೇರಿದ ವೆಬ್‌ಅಸೆಂಬ್ಲಿ. ಇಲ್ಲಿ ಅತಿಥಿ ಪ್ರೋಗ್ರಾಂ ತನಗೆ ಕೊಟ್ಟ ಸ್ಮೃತಿಯ ಎಲ್ಲೆ ದಾಟಲೆತ್ನಿಸಿದರೆ ಅಲ್ಲಿಯೇ ತಡೆ. ಅದನ್ನು ಓಡಿಸುವ ವಾಸ್ಮ್‌ಟೈಮ್ ಎಂಬ ವ್ಯವಸ್ಥೆಯಲ್ಲಿ ಯಜಮಾನನು ಇಂತಿಷ್ಟೇ 'ಇಂಧನ'ವೆಂದು ಅಳೆದು ಕೊಡಬಹುದು; ತೀರಿದೊಡನೆ ಓಟ ನಿಲ್ಲುತ್ತದೆ. ಬಳಿಕ ಆ ಸ್ಮೃತಿಯನ್ನು ಪೂರ್ತಿಯಾಗಿ ಎಸೆದು ಹೊಸತಾಗಿ ಆರಂಭಿಸಬಹುದು. ನಿಲ್ಲುವುದಕ್ಕೆ ಮೊದಲೇ ಅದು ಯಜಮಾನನ ಕೈಯಿಂದ ಕಳುಹಿಸಿದ ಹಣ, ಬರೆಸಿದ ಕಡತ ಮಾತ್ರ ತಾವಾಗಿ ಹಿಂದಿರುಗುವುದಿಲ್ಲ. ಅವುಗಳ ಲೆಕ್ಕವನ್ನು ಅವನೇ ಬೇರೆಯಾಗಿ ಇಟ್ಟಿರಬೇಕು.