ಬಟ್ಟಲ ಬೆನ್ನಿನ ಬರಹ

ಸಂತೇಬೆನ್ನೂರಿನ ಪುಷ್ಕರಿಣಿಯನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. 16ನೆಯ ಶತಮಾನದಲ್ಲಿ ಹನುಮಪ್ಪ ನಾಯಕನು ಕಟ್ಟಿಸಿದ ಆ ಕೊಳಕ್ಕೂ ನೀರ ನಡುವೆ ನಿಂತ ವಸಂತ ಮಂಟಪಕ್ಕೂ ಸರ್ಕಾರದ ರಕ್ಷಣೆಯಿದೆ. ಆದರೆ ಆ ಊರಿನಲ್ಲಾಗಲಿ, ನಾಡಿನ ಬೇರಾವ ಊರಿನಲ್ಲಾಗಲಿ, ಹಳೆಯ ಮನೆಯ ಗಾಜಿನ ಬೀರುವಿನಲ್ಲಿ ಅಜ್ಜನ ಕಾಲದ ಜಪಾನೀ ಕಪ್ಪು-ಬಸಿಗಳಿದ್ದರೆ ಅವುಗಳಿಗೆ ಮನೆಯವರ ಹೊರತು ಬೇರೆ ಕಾವಲಿಲ್ಲ. ಮನೆ ಕೆಡವುವಾಗಲೋ ಪಾಲಾಗುವಾಗಲೋ ಅವು ಹಳೆಯ ಸಾಮಾನಿನವನ ಬುಟ್ಟಿ ಸೇರುತ್ತವೆ. ಬದಲಿಗೆ ಒಂದು ಪ್ಲಾಸ್ಟಿಕ್ ಬಕೆಟ್ಟು ಬರುತ್ತದೆ. ಕೊಡುವ ಮುನ್ನ ಬಟ್ಟಲನ್ನೊಮ್ಮೆ ಬೋರಲು ಹಾಕಿ ನೋಡುವವರು ವಿರಳ.

ಈ ಸಾಮಾನು ಇಷ್ಟು ಕಾಲ ಉಳಿದುದೇ ಒಂದು ವಿನೋದ. ಮಣ್ಣಿನ ಪಾತ್ರೆ ಒಮ್ಮೆ ಮೈಲಿಗೆಯಾದರೆ ತೊಳೆದರೂ ಶುದ್ಧವಾಗದೆಂಬ ನಂಬಿಕೆಯಿದ್ದ ಮಡಿವಂತರ ಮನೆಗಳಲ್ಲಿ ಪಿಂಗಾಣಿಗೆ ಅಡುಗೆಮನೆಯ ಪ್ರವೇಶವಿರಲಿಲ್ಲ. ಉಪ್ಪಿನಕಾಯಿಯ ಜಾಡಿಗೆ ಮಾತ್ರ ವಿನಾಯಿತಿ. ಅಮಲ್ದಾರರಂಥವರು ಬಂದಾಗ ಪಡಸಾಲೆಯಲ್ಲಿ ಕಾಫಿ ಕೊಡಲು ಕಪ್ಪು-ಬಸಿ ಹೊರಬರುತ್ತಿತ್ತು, ಮತ್ತೆ ಬೀರು ಸೇರುತ್ತಿತ್ತು. ಆ ದೂರವೇ ಅದರ ಆಯುಷ್ಯವನ್ನು ಬೆಳೆಸಿತು.

ಹನುಮಪ್ಪ ನಾಯಕನು ಕೊಳ ಕಟ್ಟಿಸಿದಾಗ ಜಪಾನಿನಲ್ಲಿ ಪಿಂಗಾಣಿಯೇ ಇರಲಿಲ್ಲ. 1610ರ ಈಚೆಗೆ ಅರಿಟ ಎಂಬಲ್ಲಿ ತಕ್ಕ ಬಿಳಿಯ ಮಣ್ಣು ದೊರೆತ ಮೇಲೆ ಆ ಕಸುಬು ಅಲ್ಲಿ ಬೇರೂರಿತು. ಇಮಾರಿ ಎಂಬ ರೇವಿನಿಂದ ಹಡಗೇರುತ್ತಿದ್ದುದರಿಂದ ಅದಕ್ಕೆ ಇಮಾರಿ ಎಂಬ ಹೆಸರೇ ನಿಂತಿತು. 1650ರ ಬಳಿಕ ಡಚ್ಚರು ಅದನ್ನು ಯೂರೋಪಿಗೆ ಒಯ್ದರು. ನಮ್ಮ ಮಧ್ಯಮ ವರ್ಗದ ಮನೆಗಳ ಕಪ್ಪು-ಬಸಿ ಬಹುಮಟ್ಟಿಗೆ ಅಷ್ಟು ಹಳೆಯದಲ್ಲ; ಅದು 20ನೆಯ ಶತಮಾನದ್ದು. 1930ರ ದಶಕದಲ್ಲಿ ಜಪಾನಿನ ಅಗ್ಗದ ಸಾಮಾನು ಭಾರತದ ಪೇಟೆಗಳಲ್ಲಿ ತುಂಬಿತ್ತು.

ಗುರುತಿಸುವ ಕ್ರಮ ಕಠಿಣವಲ್ಲ. ಬಟ್ಟಲನ್ನು ದೀಪಕ್ಕೆ ಹಿಡಿಯಬೇಕು. ತೆಳುವಾದ ನಿಜ ಪಿಂಗಾಣಿಯಾದರೆ ಹಿಂದಿಟ್ಟ ಬೆರಳಿನ ನೆರಳು ಮೂಡುತ್ತದೆ. ಉಗುರಿನಿಂದ ಮೆಲ್ಲಗೆ ತಟ್ಟಿದರೆ ಗಂಟೆಯ ನಾದ ಬರಬೇಕು. ಸದ್ದು ಮಂಕಾದರೆ ಬಿರುಕಿದೆಯೆಂದು ಶಂಕಿಸಬೇಕು. ಕೆನೆಬಣ್ಣದ ಮೈಮೇಲೆ ಕೂದಲೆಳೆಯ ಬಿರುಕುಗಳ ಬಲೆಯಿರುವ ಸತ್ಸುಮ ಸಾಮಾನು ಪಿಂಗಾಣಿಯಲ್ಲ, ನಯವಾದ ಮಣ್ಣಿನ ಪಾತ್ರೆ. ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೈಬರಹದಲ್ಲಿ ಕುಂಚದ ಎಳೆ ಕಾಣುತ್ತದೆ. ಅಚ್ಚಿನ ಚಿತ್ರದಲ್ಲಿ ಚುಕ್ಕೆಗಳ ಸಾಲು ಕಾಣುವುದುಂಟು. ಅರಿಟದ ಹಳೆಯ ತಟ್ಟೆಗಳ ಅಡಿಯಲ್ಲಿ, ಆವಿಗೆಯಲ್ಲಿ ಕುಸಿಯದಂತೆ ಆನಿಸಿದ ಪುಟ್ಟ ಗೂಟಗಳ ಗುರುತು ಅನೇಕ ವೇಳೆ ಉಳಿದಿರುತ್ತದೆ.

ಕೊನೆಗೆ ಬೆನ್ನಿನ ಮುದ್ರೆ. ತನ್ನ ದೇಶಕ್ಕೆ ಬರುವ ಸಾಮಾನಿನ ಮೇಲೆ ತಯಾರಾದ ನಾಡಿನ ಹೆಸರಿರಬೇಕೆಂದು ಅಮೆರಿಕವು 1891ರಿಂದ ಕಟ್ಟು ಮಾಡಿತು. ಆಗ ಜಪಾನೀಯರು 'ನಿಪ್ಪಾನ್' ಎಂದು ಬರೆದರು. ಅದು ಇಂಗ್ಲಿಷ್ ಮಾತಲ್ಲವೆಂದು 1921ರಲ್ಲಿ ತೀರ್ಮಾನವಾಗಲು, 'ಜಪಾನ್' ಎಂಬ ಹೆಸರು ಬಂದಿತು. ಮಹಾಯುದ್ಧದಲ್ಲಿ ಸೋತ ದೇಶ 1952ರವರೆಗೆ ಪರರ ಹಿಡಿತದಲ್ಲಿದ್ದಾಗ ಕೆಲವು ಬಟ್ಟಲುಗಳ ಮೇಲೆ 'ಆಕ್ಯುಪೈಡ್ ಜಪಾನ್' ಎಂದು ಅಚ್ಚಾಯಿತು. ಒಂದು ರಾಷ್ಟ್ರದ ಏಳುಬೀಳು ಕಾಫಿಯ ಬಟ್ಟಲಿನಡಿ ಹೀಗೆ ದಾಖಲಾಗಿದೆ! 1904ರಲ್ಲಿ ಆರಂಭವಾದ ನೊರಿಟಾಕೆ ಕಾರ್ಖಾನೆಯ ಹಳೆಯ ಸಾಮಾನಿನಲ್ಲಿ ಎಲೆಮಾಲೆಯ ನಡುವೆ ಇಂಗ್ಲಿಷಿನ 'ಎಂ' ಅಕ್ಷರವುಂಟು. 1953ರ ಮೇಲೆ ಅದು 'ಎನ್' ಆಯಿತು.

ಆದರೆ ಮುದ್ರೆಯನ್ನೇ ನಂಬಿದವನು ಮೋಸಹೋದಾನು. ಅಮೆರಿಕದ ನಿಯಮ ಅಮೆರಿಕಕ್ಕೆ ಹೋದ ಸರಕಿನದು. ನಮ್ಮಲ್ಲಿಗೆ ಬಂದುದರಲ್ಲಿ ಹೆಸರಿಲ್ಲದಿದ್ದರೆ ಅದು ಅತಿ ಪ್ರಾಚೀನವೆಂದಾಗದು. 'ನಿಪ್ಪಾನ್' ಮುದ್ರೆಯ ನಕಲುಗಳೂ ಇವೆ. ಹಿಂದಿನ ಜಪಾನೀ ಕುಶಲಿಗಳೇ 15ನೆಯ ಶತಮಾನದ ಚೀನೀ ಚಕ್ರವರ್ತಿಯ ಹೆಸರನ್ನು ತಮ್ಮ ಪಾತ್ರೆಗಳ ಮೇಲೆ ಬರೆಯುತ್ತಿದ್ದರು. ಮಣ್ಣು, ಬಣ್ಣ, ಮುದ್ರೆ ಮೂರೂ ಒಂದೇ ಸಾಕ್ಷ್ಯ ನುಡಿದಾಗಲೇ ತೀರ್ಪು ಕೊಡಬೇಕು. ಕಣ್ಣು ಪಳಗಲು ಹೈದರಾಬಾದಿನ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದ ಜಪಾನೀ ಪಿಂಗಾಣಿಯನ್ನು ನೋಡಿಬರುವುದು ಒಳ್ಳೆಯದು.

ಹಿತ್ತಾಳೆಯಂತೆ ಇದನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬಾರದು; ಚಿನ್ನದ ಗೆರೆ ಅಳಿಸಿಹೋದರೆ ಮರಳಿ ಬಾರದು. ಹಳೆಯ ಬಣ್ಣಗಳಲ್ಲಿ ಸೀಸವಿರಬಹುದಾದ್ದರಿಂದ ಹುಳಿಯ ಪದಾರ್ಥವನ್ನು ಹಾಕಿಡಬಾರದು. ಒಂದರ ಮೇಲೊಂದು ಇಡುವುದಾದರೆ ನಡುವೆ ಬಟ್ಟೆಯ ತುಂಡಿರಲಿ.

ಎಲ್ಲಕ್ಕಿಂತ ಮಿಗಿಲಾದುದು ಇನ್ನೊಂದಿದೆ. ಈ ಬಟ್ಟಲನ್ನು ಯಾರು, ಯಾವ ಊರಿನಲ್ಲಿ, ಯಾವ ಸಂದರ್ಭಕ್ಕೆ ಕೊಂಡರೆಂಬುದನ್ನು ಯಾವ ಮುದ್ರೆಯೂ ಹೇಳದು. ಅದನ್ನು ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಕೇಳಿ, ಒಂದು ಚೀಟಿಯಲ್ಲಿ ಬರೆದು ಬಟ್ಟಲೊಳಗೆ ಇಡಬೇಕು. ಚೀಟಿಯಿರುವ ಬಟ್ಟಲು ಹಳೆಯ ಸಾಮಾನಿನವನ ಬುಟ್ಟಿಗೆ ಸುಲಭವಾಗಿ ಬೀಳದು.