ದ್ರಾಕ್ಷಿ ಸೀಮೆಯ ಪಿಕಪ್

ಮುಂದೆ ಚಾಲಕನ ಕ್ಯಾಬಿನ್, ಹಿಂದೆ ಸರಕಿಗೆ ತೆರೆದ ಡಾಲಾ, ಎರಡನ್ನೂ ಹೊರುವ ಏಣಿಯಾಕಾರದ ಉಕ್ಕಿನ ಚಾಸಿ: ಪಿಕಪ್ಪಿನ ರಚನೆ ಇಷ್ಟೇ. ಅಮೆರಿಕದಲ್ಲಿ ಫೋರ್ಡ್ ಎಫ್-150ರಂಥ ದೊಡ್ಡ ಪಿಕಪ್ಪು ಮನೆಮಂದಿಯ ಕಾರೂ ಹೌದು. ದ್ರಾಕ್ಷಿ ಬೆಳೆಯುವ ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆ ಪಿಕಪ್ಪು ದುಡಿಯುವ ಗಾಡಿ. ಮಹೀಂದ್ರಾ ಬೊಲೆರೊ ಪಿಕಪ್ ಇದರ ಪರಿಚಿತ ರೂಪ.

ಈ ಗಾಡಿಯ ಮೂಲ ಜೀಪಿನಲ್ಲಿದೆ. ಮಹೀಂದ್ರಾ ಕಂಪನಿ 1947ರಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಅದೇ ಪರಂಪರೆಯ ಬೊಲೆರೊ 2000ದಲ್ಲಿ ಬಂತು. ಮುಂದೆ ಅದೇ ಹೆಸರಿನಲ್ಲಿ ಪಿಕಪ್ಪೂ ಬಂತು. ಟಾಟಾ ಕಂಪನಿ 1988ರಲ್ಲೇ ಟಾಟಾಮೊಬೈಲ್ ಪಿಕಪ್ ತಂದಿತ್ತು. 2005ರಲ್ಲಿ ಅದರ ಪುಟ್ಟ ಏಸ್, 2011ರಲ್ಲಿ ಅಶೋಕ್ ಲೇಲ್ಯಾಂಡಿನ ದೋಸ್ತ್ ಸಣ್ಣ ಸರಕಿನ ಮಾರುಕಟ್ಟೆಗೆ ಇಳಿದವು.

ಪಿಕಪ್ಪಿನ ಗುಣವೆಲ್ಲ ಹಿಂದಿನ ಅಚ್ಚಿನಲ್ಲಿದೆ. ಅಲ್ಲಿ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್ ಇರುತ್ತದೆ. ಭಾರ ಬಿದ್ದಂತೆ ಪಟ್ಟಿಗಳು ಬಾಗುತ್ತವೆ. ಹೆಚ್ಚು ಹೇರಿದಾಗ ಸಹಾಯಕ ಪಟ್ಟಿಗಳೂ ಹೆಗಲು ಕೊಡುತ್ತವೆ. ಟನ್ನುಗಟ್ಟಲೆ ಭಾರಕ್ಕೆ ಅಳವಡಿಸಿದ ಈ ಬಿಗಿ ಸ್ಪ್ರಿಂಗ್ ಖಾಲಿ ಗಾಡಿಯ ಭಾರಕ್ಕೆ ಮಣಿಯದು. ಹೀಗಾಗಿ ಖಾಲಿ ಪಿಕಪ್ ಕುಲುಕುತ್ತದೆ, ತುಂಬಿದ್ದು ಮೆತ್ತಗೆ ಸಾಗುತ್ತದೆ. ಎಂಜಿನ್ ತಿರುಗಿಸುವುದೂ ಹಿಂದಿನ ಗಾಲಿಗಳನ್ನೇ. ಸರಕಿನ ಭಾರ ಅವುಗಳನ್ನು ನೆಲಕ್ಕೆ ಒತ್ತುವುದರಿಂದ ಏರಿನಲ್ಲಿ ಹಿಡಿತ ಹೆಚ್ಚುತ್ತದೆ. ಮಳೆಗಾಲದ ಎರೆಮಣ್ಣಿನ ದಾರಿಯಲ್ಲಿ ಖಾಲಿ ಗಾಡಿಯ ಗಾಲಿ ಸುಲಭವಾಗಿ ಜಾರುತ್ತದೆ.

2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ನಿಯಮ ಡೀಸೆಲ್ ಹೊಗೆಗೆ ಬಿಗಿ ಮಿತಿ ಹಾಕಿತು. ಆ ಮಿತಿಗೆ ಒಗ್ಗಿದ ಬೊಲೆರೊ ಮ್ಯಾಕ್ಸ್ ಪಿಕಪ್ 2022ರ ಆಗಸ್ಟಿನಲ್ಲಿ ಬಂತು. 2023ರ ಏಪ್ರಿಲ್‌ನಲ್ಲಿ ಅದು ಸಿಟಿ, ಎಚ್‌ಡಿ ಎಂಬ ಎರಡು ಸಾಲುಗಳಾಗಿ ಬೆಳೆಯಿತು. ಸಿಟಿ ಸಾಲು ಪೇಟೆಯ ಗಲ್ಲಿಗಳಿಗೆ, ಎಚ್‌ಡಿ ಭಾರಕ್ಕೆ. ಹೊರುವ ಶಕ್ತಿ 1.3 ಟನ್ನಿನಿಂದ 2 ಟನ್ನಿನವರೆಗೆ, ದೊಡ್ಡ ಮಾದರಿಯ ಡಾಲಾದ ಉದ್ದ 3,050 ಮಿಲಿಮೀಟರ್. ಡೀಸೆಲ್ ಜೊತೆ ಸಿಎನ್‌ಜಿ ಆಯ್ಕೆಯೂ ಸೇರಿತು. ಗಾಡಿ ಎಲ್ಲಿದೆಯೆಂದು ಮಾಲೀಕನಿಗೆ ಮೊಬೈಲಿನಲ್ಲೇ ತಿಳಿಸುವ ವ್ಯವಸ್ಥೆಯೂ ಬಂತು.

ಈ ಅಳತೆಗಳ ಅರ್ಥ ದ್ರಾಕ್ಷಿ ಸುಗ್ಗಿಯಲ್ಲಿ ತಿಳಿಯುತ್ತದೆ. ಸುಮಾರು 4 ಕಿಲೋ ಹಸಿ ಹಣ್ಣು ಒಣಗಿ 1 ಕಿಲೋ ಒಣದ್ರಾಕ್ಷಿಯಾಗುತ್ತದೆ. ಅಂದರೆ ತೋಟದಿಂದ ಒಣಗಿಸುವ ಶೆಡ್ಡಿಗೆ ನಾಲ್ಕು ಖೇಪು ಹೊಡೆದ ಮಾಲು ವಿಜಯಪುರದ ಎಪಿಎಂಸಿಗೋ ಗಡಿಯಾಚೆಯ ತಾಸಗಾಂವ, ಸಾಂಗ್ಲಿ ಪೇಟೆಗೋ ಒಂದೇ ಖೇಪಿನಲ್ಲಿ ಹೋಗುತ್ತದೆ. 15 ಕಿಲೋ ಪೆಟ್ಟಿಗೆಗಳ ಲೆಕ್ಕದಲ್ಲಿ 1.3 ಟನ್ನಿನ ಗಾಡಿ 86 ಪೆಟ್ಟಿಗೆ ಹೊತ್ತರೆ, 2 ಟನ್ನಿನದು 133 ಹೊರುತ್ತದೆ.

ಆದರೆ ಹೇರಿಗೂ ಮಿತಿಯಿದೆ. ಮಿತಿ ಮೀರಿದರೆ ಸ್ಪ್ರಿಂಗಿನ ಬಾಗು ಸತ್ತು ಗಾಡಿ ಹಿಂದಕ್ಕೆ ಕೂರುತ್ತದೆ. ಆಗ ಮುಂದಿನ ಗಾಲಿಗಳು ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಬ್ರೇಕ್ ಹಾಕಿದರೂ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ.