ಪೆಡಲ್ ಮೊದಲು, ಸ್ಟೀರಿಂಗ್ ಆಮೇಲೆ

2023ರಲ್ಲಿ ಬಂದ ‘ಗ್ರ್ಯಾನ್ ಟುರಿಸ್ಮೊ’ ಸಿನಿಮಾ ಗೇಮ್ ಆಡುವ ಮಕ್ಕಳ ಕೈಗೆ ಗಟ್ಟಿ ಸಾಕ್ಷಿಯೊಂದನ್ನು ಕೊಟ್ಟಿತು. “ಗೇಮ್ ಆಡಿಯೇ ಒಬ್ಬ ರೇಸರ್ ಆಗಿದ್ದಾನೆ ನೋಡಮ್ಮ” ಎಂದರೆ ಅಮ್ಮ ಏನು ಹೇಳಬೇಕು? ಕಥೆ ಸುಳ್ಳಲ್ಲ. ಬ್ರಿಟನ್ನಿನ ಯಾನ್ ಮಾರ್ಡನ್‌ಬರೋ 2011ರಲ್ಲಿ, ಗೇಮ್ ಆಡುವವರಿಗಾಗಿ ನಿಸ್ಸಾನ್ ಮತ್ತು ಪ್ಲೇಸ್ಟೇಷನ್ ನಡೆಸುತ್ತಿದ್ದ ಜಿಟಿ ಅಕಾಡೆಮಿ ಸ್ಪರ್ಧೆ ಗೆದ್ದ. 2013ರ ಲ ಮಾನ್ 24 ಗಂಟೆಗಳ ರೇಸಿನಲ್ಲಿ ಎಲ್‌ಎಂಪಿ2 ವಿಭಾಗದ ಮೂರನೇ ಸ್ಥಾನ ಪಡೆದ ತಂಡದಲ್ಲಿ ಅವನಿದ್ದ. ಸಿನಿಮಾದಲ್ಲಿ ಅವನ ಪಾತ್ರದ ಕಾರನ್ನು ಸ್ಟಂಟ್ ಡ್ರೈವರ್ ಆಗಿ ಓಡಿಸಿದವನೂ ಅವನೇ.

ಆದರೆ ನಿರ್ದೇಶಕ ನೀಲ್ ಬ್ಲೊಮ್‌ಕ್ಯಾಂಪ್ ಕಾಲವನ್ನು ತಿರುವುಮುರುವು ಮಾಡಿದ್ದಾರೆ. ನ್ಯೂರ್ಬರ್ಗ್‌ರಿಂಗ್‌ನಲ್ಲಿ ಮಾರ್ಡನ್‌ಬರೋನ ಕಾರು ಹಾರಿಬಿದ್ದು ಪ್ರೇಕ್ಷಕರೊಬ್ಬರು ಸತ್ತ ಅಪಘಾತ ಆದದ್ದು 2015ರಲ್ಲಿ. ಸಿನಿಮಾದಲ್ಲಿ ಅದು ಲ ಮಾನ್‌ಗೆ ಮೊದಲೇ ಬಂದು, ನಾಯಕ ಮತ್ತೆ ಎದ್ದು ನಿಲ್ಲುವುದಕ್ಕೆ ನೆಪವಾಗುತ್ತದೆ. ಒಂದು ಸಾವನ್ನು ಹೀಗೆ ಕಥೆಗೆ ಅನುಕೂಲವಾಗಿ ಜರುಗಿಸಿದ್ದು ನನಗೆ ಸರಿ ಕಾಣಲಿಲ್ಲ. ಇರಲಿ, ನಮ್ಮ ಪ್ರಶ್ನೆ ಬೇರೆ: ಬೆಂಗಳೂರಿನ ಬನಶಂಕರಿಯ ಮನೆಯೊಂದರ ಕೋಣೆಯಲ್ಲಿ ಕೂತವರಿಗೆ ಗೇಮ್ ನಿಜಕ್ಕೂ ಏನು ಕಲಿಸುತ್ತದೆ?

ಒಳ್ಳೆಯ ಸಿಮ್ಯುಲೇಟರ್‌ನ ಜೀವ ಟೈರಿನ ಲೆಕ್ಕದಲ್ಲಿದೆ. ಪ್ರತಿ ಟೈರಿನ ಮೇಲೆ ಎಷ್ಟು ಭಾರ ಬಿದ್ದಿದೆ, ಎಷ್ಟು ಬಿಸಿಯಾಗಿದೆ, ಎಷ್ಟು ಜಾರುತ್ತಿದೆ ಎಂಬುದನ್ನು ಅದು ಸೆಕೆಂಡಿಗೆ ನೂರಾರು ಬಾರಿ ಲೆಕ್ಕ ಹಾಕುತ್ತದೆ. ಐರೇಸಿಂಗ್ ಎಂಬ ಸಿಮ್ಯುಲೇಟರ್‌ನಲ್ಲಿ 360 ಬಾರಿ. ಆ ಲೆಕ್ಕ ಮೋಟರ್ ಮೂಲಕ ಸ್ಟೀರಿಂಗ್‌ಗೆ ಬರುತ್ತದೆ. ಮುಂದಿನ ಟೈರು ಹಿಡಿತ ಬಿಟ್ಟಿತೆಂದರೆ ಸ್ಟೀರಿಂಗ್ ಕೈಯಲ್ಲಿ ಹಠಾತ್ತನೆ ಹಗುರಾಗುತ್ತದೆ. ಇದನ್ನು ಅಂಗೈ ಗುರುತಿಸಲು ಕಲಿತರೆ ನಿಜವಾದ ಕಾರಿನಲ್ಲೂ ಅದು ಉಪಯೋಗಕ್ಕೆ ಬರುತ್ತದೆ.

ಹಾಗಂತ ಸ್ಟೀರಿಂಗ್‌ಗೇ ಎಲ್ಲ ದುಡ್ಡು ಸುರಿಯುವವರು ಹೆಚ್ಚು. ನನ್ನ ಮಾತು ಕೇಳುವುದಾದರೆ ಮೊದಲು ಬ್ರೇಕ್ ಪೆಡಲ್ ನೋಡಿ. ಅಗ್ಗದ ಪೆಡಲ್ ಕಾಲು ಎಷ್ಟು ದೂರ ಹೋಯಿತು ಎಂದು ಅಳೆಯುತ್ತದೆ. ಲೋಡ್ ಸೆಲ್ ಇರುವ ಪೆಡಲ್ ಎಷ್ಟು ಬಲ ಬಿತ್ತು ಎಂದು ಅಳೆಯುತ್ತದೆ. ರೇಸ್ ಕಾರಿನ ಬ್ರೇಕ್ ಈ ಎರಡನೆಯದರ ಹಾಗೆ: ಕಲ್ಲಿನಂತೆ ಗಟ್ಟಿ, ಹೆಚ್ಚು ಅಲ್ಲಾಡುವುದಿಲ್ಲ. ತಿರುವಿಗೆ ಮುಂಚೆ ಪೂರ್ತಿ ಒತ್ತಿ, ಸ್ಟೀರಿಂಗ್ ತಿರುಗಿಸುತ್ತಾ ಒತ್ತಡವನ್ನು ಎಳೆ ಎಳೆಯಾಗಿ ಬಿಡಬೇಕು. ಲ್ಯಾಪ್ ಟೈಮ್ ಕಡಿಮೆಯಾಗುವುದು ಇಲ್ಲೇ. ದೂರ ಅಳೆಯುವ ಪೆಡಲ್‌ನಲ್ಲಿ ಈ ಅಭ್ಯಾಸ ಕಾಲಿಗೆ ಕೂರುವುದು ಕಷ್ಟ.

ಗಟ್ಟಿ ಪೆಡಲ್ ತಂದ ಮೊದಲ ದಿನವೇ ಒಂದು ತಮಾಷೆ ನಡೆಯುತ್ತದೆ. ಬ್ರೇಕ್ ಒತ್ತಿದರೆ ಕಾರು ನಿಲ್ಲುವ ಬದಲು ಆಫೀಸ್ ಕುರ್ಚಿ ಹಿಂದಕ್ಕೆ ಉರುಳುತ್ತದೆ. ಕುರ್ಚಿಯ ಚಕ್ರಗಳನ್ನು ಹಳೆ ಶೂಗಳೊಳಗೆ ಇಟ್ಟು ಕೂರುವುದು ಸಿಮ್ ರೇಸಿಂಗಿನವರ ಹಳೆಯ ಉಪಾಯ. ಸ್ವಲ್ಪ ಗಂಭೀರವಾದ ಮೇಲೆ ಸೀಟು, ಪೆಡಲ್ ಬಿಗಿಯಲು ಚೌಕಟ್ಟು ಬೇಕಾಗುತ್ತದೆ. ಬೆಂಗಳೂರಿನವರಿಗೆ ಇದರಲ್ಲಿ ಅನುಕೂಲವಿದೆ: ಗ್ರಾಫಿಕ್ಸ್ ಕಾರ್ಡ್‌ಗೆ ಎಸ್‌.ಪಿ. ರೋಡ್, ಹಳೆ ಕಾರಿನ ಸೀಟು ಹುಡುಕಲು ಜೆ.ಸಿ. ರೋಡ್, ದಪ್ಪ ಪ್ಲೈವುಡ್ ಕತ್ತರಿಸಿ ಜೋಡಿಸಲು ಬೀದಿಯ ಬಡಗಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ರಾತ್ರಿ ಹನ್ನೊಂದಕ್ಕೆ ಪೆಡಲ್ ಗುದ್ದುವ ಸದ್ದು ಕೆಳಗಿನ ಮನೆಯವರಿಗೆ ಚೆನ್ನಾಗಿಯೇ ಕೇಳುತ್ತದೆ.

ಸಿಮ್ಯುಲೇಟರ್ ಬರೀ ಹವ್ಯಾಸದವರ ಆಟವೂ ಅಲ್ಲ. ಫಾರ್ಮುಲಾ 2ರಲ್ಲಿ ಕ್ವಾಲಿಫೈಯಿಂಗ್‌ಗೆ ಮುಂಚೆ ಸಿಗುವುದು 45 ನಿಮಿಷದ ಒಂದೇ ಅಭ್ಯಾಸ. ಅಷ್ಟರಲ್ಲಿ ಹೊಸ ಟ್ರ್ಯಾಕ್ ಕಲಿಯುವುದು ಆಗದ ಮಾತು, ಹಾಗಾಗಿ ಚಾಲಕರು ಸಿಮ್ಯುಲೇಟರ್‌ನಲ್ಲಿ ತಿರುವುಗಳನ್ನು ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ. 2025ರಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದ ಕುಶ್ ಮೈನಿ ನಮ್ಮ ಬೆಂಗಳೂರಿನ ಹುಡುಗ. ಅವರ ಅಣ್ಣ ಅರ್ಜುನ್ ಮೈನಿ 2017ರಲ್ಲಿ ಬಾರ್ಸಿಲೋನಾದಲ್ಲಿ ಜಿಪಿ3 ರೇಸ್ ಗೆದ್ದವರು. 2021ರಲ್ಲಿ ಜರ್ಮನಿಯ ಡಿಟಿಎಂ ಸರಣಿಗೆ ಇಳಿದ ಮೊದಲ ಭಾರತೀಯ. ಆದರೆ ಇಬ್ಬರೂ ಬಂದದ್ದು ಗೇಮ್‌ನಿಂದಲ್ಲ, ಚಿಕ್ಕಂದಿನಿಂದ ಓಡಿಸಿದ ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿಯಿಂದ. ತಂದೆ ಗೌತಮ್ ಮೈನಿಯೂ ರೇಸ್ ಓಡಿಸಿದವರೇ.

ಕಾರ್ಟ್ ಯಾಕೆ ಬೇಕು ಎಂಬುದು ಕೂತ ಮೇಲೆಯೇ ಗೊತ್ತಾಗುವುದು. ಅದಕ್ಕೆ ಸಸ್ಪೆನ್ಷನ್ ಇಲ್ಲ, ಹಿಂದೆ ಡಿಫರೆನ್ಷಿಯಲ್ ಇಲ್ಲ. ಟ್ರ್ಯಾಕಿನ ಪ್ರತಿ ಉಬ್ಬು ನೇರ ಬೆನ್ನಿಗೆ ಬರುತ್ತದೆ, ತಿರುವಿನಲ್ಲಿ ಸೀಟಿನ ಅಂಚು ಪಕ್ಕೆಲುಬಿಗೆ ಒತ್ತುತ್ತದೆ. ಅದಕ್ಕೇ ಕಾರ್ಟ್ ಓಡಿಸುವವರು ಪಕ್ಕೆಗೆ ಕವಚ ಹಾಕಿಕೊಳ್ಳುತ್ತಾರೆ. ಕಾರಿನ ಹಿಂಭಾಗ ಜಾರುವುದು ನಿಜವಾದ ಚಾಲಕನಿಗೆ ಮೊದಲು ತಿಳಿಯುವುದು ಸೊಂಟಕ್ಕೆ. ಮನೆಯಲ್ಲಿ ಕುರ್ಚಿ ಅಲುಗುವುದಿಲ್ಲ, ಆ ಕೆಲಸವನ್ನು ಕಣ್ಣೇ ಮಾಡಬೇಕು. ಭಯವನ್ನಂತೂ ಯಾವ ಗೇಮೂ ಕೊಡುವುದಿಲ್ಲ. ಗೋಡೆಗೆ ಗುದ್ದಿದರೆ ಒಂದು ಗುಂಡಿ ಒತ್ತಿ ಮತ್ತೆ ಶುರು ಮಾಡಬಹುದು.

ಮುಂದಿನ ದಾರಿ ಊರಿನಾಚೆಗಿದೆ. ಕಾರ್ಟಿಂಗ್‌ಗೆ ಹೆಣ್ಣೂರು ಕಡೆಯ ಮೆಕೊ ಕಾರ್ಟೋಪಿಯಾ ಇದೆ, ಜೆ.ಪಿ. ನಗರದವರು ಇಡೀ ಊರು ದಾಟಿ ಹೋಗಬೇಕು. ಕಾರ್ ರೇಸಿಂಗ್‌ನ ಅಂತರರಾಷ್ಟ್ರೀಯ ಟ್ರ್ಯಾಕ್ ಕರ್ನಾಟಕದಲ್ಲಿ ಇಲ್ಲ. ಹೊಸೂರು ದಾಟಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗಬೇಕು. ರಾಷ್ಟ್ರೀಯ ಸ್ಪರ್ಧೆಗೆ ದೇಶದ ಮೋಟರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು. ಹೊಸಬರು ಹೆಚ್ಚಾಗಿ ಶುರು ಮಾಡುವುದು ಮಾರುತಿ ಸ್ವಿಫ್ಟ್ ಎಂಜಿನ್ ಇರುವ ಎಲ್‌ಜಿಬಿ ಫಾರ್ಮುಲಾ 4 ಕಾರಿನಲ್ಲಿ.

ಮಾರ್ಡನ್‌ಬರೋಗೆ ಟೈರು, ತರಬೇತಿ, ಪ್ರಯಾಣದ ಖರ್ಚನ್ನೆಲ್ಲ ಕಂಪನಿ ಕೊಟ್ಟಿತ್ತು. ಜಿಟಿ ಅಕಾಡೆಮಿ 2016ರ ನಂತರ ನಡೆದಿಲ್ಲ. ಹಾಗಾಗಿ ಮಗನೋ ಮಗಳೋ ಹಠ ಹಿಡಿದರೆ ದುಬಾರಿ ಸ್ಟೀರಿಂಗ್ ಕೊಡಿಸುವ ಮುಂಚೆ ಒಂದು ಭಾನುವಾರ ಕಾರ್ಟ್ ಟ್ರ್ಯಾಕಿಗೆ ಕರೆದುಕೊಂಡು ಹೋಗಿ. ಪಕ್ಕೆ ನೋವು ತಿಂದ ಮೇಲೂ “ಮುಂದಿನ ವಾರ ಮತ್ತೆ ಬರೋಣ” ಅಂದರೆ ಆಗ ಪೆಡಲ್ ಕೊಡಿಸಿ.